ಹೊಸ ವಿದ್ಯುತ್ ಕಾರು: ಮೊದಲ ವರ್ಷಗಳ ದೋಷ, ಪರಿಹಾರ ಮತ್ತು ರೇವಾ ಕಲಿಸಿದ ಪಾಠ

ವೈ.ಎನ್.ಹೊಸಕೋಟೆ: ಹೊಸದಾಗಿ ಮಾರುಕಟ್ಟೆಗೆ ಬಂದ ಕಾರನ್ನು ಮೊದಲ ವರ್ಷದಲ್ಲಿಯೇ ಕೊಳ್ಳಬಾರದು, ಒಂದೆರಡು ವರ್ಷ ಕಾದು ನೋಡಬೇಕು ಎಂಬ ಮಾತು ವಾಹನ ಬಲ್ಲವರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಪೆಟ್ರೋಲ್, ಡೀಸೆಲ್ ಕಾರುಗಳ ಮಟ್ಟಿಗೆ ಈ ಎಚ್ಚರಿಕೆಯನ್ನು ಕಡೆಗಣಿಸಿದರೂ ದೊಡ್ಡ ಹಾನಿಯಿಲ್ಲ. ಎಂಜಿನ್ ಮುನಿಸಿಕೊಂಡರೆ ಹೋಬಳಿ ಕೇಂದ್ರದ ಮೆಕ್ಯಾನಿಕ್ ಕೂಡ ಹೇಗೋ ಚಾಲೂ ಮಾಡಿ ಕಳುಹಿಸಬಲ್ಲ. ವಿದ್ಯುತ್ ಕಾರಿನ ವಿಷಯ ಹಾಗಲ್ಲ. ಅದರ ಬ್ಯಾಟರಿ ಪೆಟ್ಟಿಗೆಯನ್ನು ಬಿಚ್ಚುವ ಅಧಿಕಾರವಾಗಲಿ, ಪರಿಣತಿಯಾಗಲಿ, ಉಪಕರಣವಾಗಲಿ ಅಧಿಕೃತ ಸೇವಾ ಕೇಂದ್ರದ ಹೊರಗೆ ಸಿಗುವುದು ವಿರಳ.

ರೇಷ್ಮೆ ಸೀರೆಗಳ ನೇಯ್ಗೆಗೆ ಹೆಸರಾದ ವೈ.ಎನ್.ಹೊಸಕೋಟೆಯಂತಹ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ. ಪಾವಗಡ ತಾಲ್ಲೂಕಿನ ಈ ಹೋಬಳಿ ಕೇಂದ್ರದಿಂದ ಬೆಂಗಳೂರು ಒಂದೂವರೆ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಜಿಲ್ಲಾ ಕೇಂದ್ರವಾದ ತುಮಕೂರು ತಲುಪಲು ನೂರು ಕಿಲೋಮೀಟರಿಗೂ ಮೀರಿ ಸಾಗಬೇಕು. ನಡುವೆ ಸಿಗುವ ಮಧುಗಿರಿ, ಕೊರಟಗೆರೆ, ಪಕ್ಕದ ಶಿರಾ ಎಲ್ಲವೂ ತಾಲ್ಲೂಕು ಕೇಂದ್ರಗಳೇ. ಹಲವು ಲಕ್ಷ ರೂಪಾಯಿ ತೆತ್ತು ತಂದ ಕಾರು ಒಂದು ಮುಂಜಾನೆ ಎಚ್ಚರಗೊಳ್ಳದಿದ್ದರೆ ಅದನ್ನು ಮತ್ತೊಂದು ವಾಹನದ ಮೇಲೆ ಹೇರಿಕೊಂಡು ಹೋಗುವುದೊಂದೇ ದಾರಿಯಾಗುತ್ತದೆ. ಬೆಂಗಳೂರಿನ ಕೊಳ್ಳುಗನಿಗೆ ಅರ್ಧ ದಿನದ ಕಿರಿಕಿರಿಯಾಗುವ ದೋಷ ಇಲ್ಲಿನವರಿಗೆ ಒಂದು ವಾರದ ನಷ್ಟವಾದೀತು.

ಹೊಸ ವಿದ್ಯುತ್ ಕಾರುಗಳಲ್ಲಿ ಆರಂಭದ ದಿನಗಳಲ್ಲಿ ಕಾಣಿಸಿಕೊಳ್ಳುವ ದೋಷಗಳು ಯಾವುವು, ಅವುಗಳ ಮೂಲವೇನು, ತಯಾರಕರು ಅವುಗಳನ್ನು ಹೇಗೆ ಸರಿಪಡಿಸಿದರು, ಕೊಳ್ಳುವವರು ಏನನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ಕ್ರೋಡೀಕರಿಸಲಾಗಿದೆ. ಇದಕ್ಕೆ ದೂರದ ನಿದರ್ಶನವನ್ನು ಹುಡುಕಬೇಕಾಗಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿ, ಲಂಡನ್ನಿನ ಬೀದಿಗಳವರೆಗೆ ಓಡಿದ ರೇವಾ ಕಾರಿನ ಚರಿತ್ರೆಯೇ ಒಂದು ಪಠ್ಯಪುಸ್ತಕದಂತಿದೆ.

ರೇವಾ: ಹುಟ್ಟು ಮತ್ತು ಹಿನ್ನೆಲೆ

ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಗಳು ಜತೆಗೂಡಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಹುಟ್ಟುಹಾಕಿದವು. ಇದರ ರೂವಾರಿ ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿದ್ದಾಗ, 1990ರಲ್ಲಿ ಅಮೆರಿಕದ ಸೌರ ಕಾರುಗಳ ಸ್ಪರ್ಧೆಯನ್ನು ಗೆದ್ದ ತಂಡದಲ್ಲಿ ಅವರಿದ್ದರು. ಅನಂತರ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ನಾತಕೋತ್ತರ ಅಧ್ಯಯನ ಮುಗಿಸಿ, ಅಮೆರಿಗಾನ್‌ನಲ್ಲಿ ವಿದ್ಯುತ್ ವಾಹನಗಳ ಅಭಿವೃದ್ಧಿಯಲ್ಲಿ ತೊಡಗಿದರು. ತಾಯಿ ರೇವಾ ಮೈನಿ ಅವರ ಹೆಸರನ್ನೇ ಕಾರಿಗೆ ಇಡಲಾಯಿತು.

ಏಳು ವರ್ಷಗಳ ಪರಿಶ್ರಮದ ನಂತರ 2001ರಲ್ಲಿ ರೇವಾ ಬೆಂಗಳೂರಿನ ರಸ್ತೆಗಿಳಿಯಿತು. ಇದಕ್ಕೂ ಮುನ್ನ ಕೇರಳದ ಚಾಲಕ್ಕುಡಿಯ ಎಡ್ಡಿ ಕರೆಂಟ್ ಕಂಟ್ರೋಲ್ಸ್ ಸಂಸ್ಥೆ ‘ಲವ್‌ಬರ್ಡ್’ ಎಂಬ ವಿದ್ಯುತ್ ಕಾರನ್ನು 1993ರಲ್ಲಿ ದೆಹಲಿಯ ವಾಹನ ಮೇಳದಲ್ಲಿ ಪ್ರದರ್ಶಿಸಿತ್ತಾದರೂ ಅದರ ಮಾರಾಟ ಬೆರಳೆಣಿಕೆಯನ್ನು ದಾಟಲಿಲ್ಲ. ಸಾಲುಸಾಲಾಗಿ ತಯಾರಾಗಿ, ಸಾಮಾನ್ಯ ಗ್ರಾಹಕರ ಕೈ ಸೇರಿ, ವರ್ಷಗಳ ಕಾಲ ಓಡಿದ ಭಾರತದ ಮೊದಲ ವಿದ್ಯುತ್ ಕಾರು ರೇವಾ ಎನ್ನಲು ಅಡ್ಡಿಯಿಲ್ಲ. ಲಂಡನ್ನಿನಲ್ಲಿ ಇದೇ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರ ಪ್ರವೇಶದ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದ ಕಾರಣ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಇದನ್ನು ಕೊಂಡರು.

ಮೊದಲ ರೇವಾದ ಮುಖ್ಯ ವಿವರಗಳು

* ಉದ್ದ ಸುಮಾರು 2.6 ಮೀಟರ್, ಅಗಲ ಸುಮಾರು 1.3 ಮೀಟರ್, ಎರಡು ಬಾಗಿಲು
* ಇಬ್ಬರು ವಯಸ್ಕರು, ಹಿಂದೆ ಇಬ್ಬರು ಮಕ್ಕಳಿಗೆ ಸ್ಥಳ
* ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಎಬಿಎಸ್ ಪ್ಲಾಸ್ಟಿಕ್ ಹೊದಿಕೆ
* 6 ವೋಲ್ಟ್‌ನ 8 ಸೀಸ-ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್, 200 ಆಂಪಿಯರ್-ಅವರ್
* ಡಿಸಿ ಮೋಟಾರು, ಗರಿಷ್ಠ ಶಕ್ತಿ 13 ಕಿಲೋವ್ಯಾಟ್
* ಗರಿಷ್ಠ ವೇಗ ಗಂಟೆಗೆ 65 ಕಿ.ಮೀ., ಒಂದು ಚಾರ್ಜಿಗೆ 80 ಕಿ.ಮೀ. ಓಟ
* ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ಎರಡೂವರೆ ಗಂಟೆಯಲ್ಲಿ ಶೇ. 80, ಸುಮಾರು ಎಂಟು ಗಂಟೆಯಲ್ಲಿ ಪೂರ್ಣ ಚಾರ್ಜ್

ಬ್ಯಾಟರಿ: ಮೊದಲ ದೌರ್ಬಲ್ಯ

ಮೇಲಿನ ಅಂಕಿಗಳನ್ನು ಗುಣಿಸಿದರೆ ಬ್ಯಾಟರಿಯ ಒಟ್ಟು ಸಾಮರ್ಥ್ಯ 9.6 ಕಿಲೋವ್ಯಾಟ್-ಅವರ್, ಅಂದರೆ ಹತ್ತು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಎಂಬುದು ತಿಳಿಯುತ್ತದೆ. ಇಷ್ಟು ವಿದ್ಯುತ್ತನ್ನು ಹಿಡಿದಿಡಲು ಹೊರಬೇಕಾದ ಸೀಸದ ಭಾರ ಕಾಲು ಟನ್ನಿಗೂ ಅಧಿಕ. ಚಿಕ್ಕ ಕಾರಿನ ಒಟ್ಟು ತೂಕದಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪಾಲು ಬ್ಯಾಟರಿಯದೇ ಆಗಿತ್ತು.

ಎಂಟೂ ಬ್ಯಾಟರಿಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿರುತ್ತವೆ. ಎಲ್ಲದರ ಮೂಲಕವೂ ಹರಿಯುವುದು ಒಂದೇ ವಿದ್ಯುತ್ ಪ್ರವಾಹ. ಹೀಗಾಗಿ ಎಂಟರಲ್ಲಿ ಒಂದು ದುರ್ಬಲವಾದರೂ ಇಡೀ ಕಾರಿನ ಓಟ ಆ ಒಂದರ ಮಟ್ಟಕ್ಕೆ ಇಳಿಯುತ್ತದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ಚಾರ್ಜ್ ಆಗುವಾಗ ನೀರು ಸ್ವಲ್ಪಸ್ವಲ್ಪವೇ ಅನಿಲವಾಗಿ ಹೊರಟುಹೋಗುತ್ತದೆ. ಕಾಲಕಾಲಕ್ಕೆ ಶುದ್ಧೀಕರಿಸಿದ ನೀರನ್ನು ತುಂಬದಿದ್ದರೆ ಸೀಸದ ಫಲಕಗಳು ಗಾಳಿಗೆ ತೆರೆದುಕೊಂಡು ಶಾಶ್ವತವಾಗಿ ಹಾಳಾಗುತ್ತವೆ. ಪೂರ್ಣ ಖಾಲಿಯಾಗುವವರೆಗೂ ಓಡಿಸುವುದು, ಅರೆಬರೆ ಚಾರ್ಜ್ ಮಾಡಿ ದಿನಗಟ್ಟಲೆ ನಿಲ್ಲಿಸುವುದು ಕೂಡ ಫಲಕಗಳ ಮೇಲೆ ಗಡಸು ಪದರ ಬೆಳೆಯಲು ಕಾರಣವಾಗುತ್ತವೆ.

ಬ್ಯಾಟರಿಗಳು ಸವೆದಂತೆ 80 ಕಿ.ಮೀ. ಓಟ ಕಡಿಮೆಯಾಗುತ್ತಾ ಬರುತ್ತದೆ. ಕೆಲವು ವರ್ಷಗಳಿಗೊಮ್ಮೆ ಇಡೀ ಗುಂಪನ್ನೇ ಬದಲಾಯಿಸುವ ವೆಚ್ಚ ಮಾಲೀಕನ ಮೇಲೆ ಬೀಳುತ್ತದೆ. ಪೆಟ್ರೋಲಿಗೆ ಉಳಿಸಿದ ಹಣದಲ್ಲಿ ಒಂದು ಭಾಗ ಹೀಗೆ ಬ್ಯಾಟರಿಗೆ ಸಂದಾಯವಾಗುತ್ತಿತ್ತು.

ಇದಕ್ಕೆ ರೇವಾ ತಂಡ ಕಂಡುಕೊಂಡ ಪರಿಹಾರ ಎರಡು ಬಗೆಯದು. ಮೊದಲನೆಯದು ಇಂಧನ ನಿರ್ವಹಣಾ ವ್ಯವಸ್ಥೆ ಎಂಬ ಪುಟ್ಟ ಗಣಕ. ಬ್ಯಾಟರಿಗಳ ವೋಲ್ಟೇಜ್, ಉಷ್ಣತೆ, ಒಳಹೋದ ಮತ್ತು ಹೊರಬಂದ ವಿದ್ಯುತ್ತಿನ ಲೆಕ್ಕವನ್ನು ಅದು ಇಡುತ್ತಿತ್ತು. ಉಳಿದಿರುವ ಶಕ್ತಿ ಎಷ್ಟು ಎಂಬುದನ್ನು ಅಂದಾಜು ಮಾಡಿ ಚಾಲಕನಿಗೆ ತೋರಿಸುವುದೂ ಅದರ ಕೆಲಸವೇ. ಇಂದಿನ ಎಲ್ಲ ವಿದ್ಯುತ್ ಕಾರುಗಳಲ್ಲಿರುವ ಬ್ಯಾಟರಿ ನಿರ್ವಹಣಾ ವ್ಯವಸ್ಥೆಯ ಪೂರ್ವಜ ಇದು. ಎರಡನೆಯ ಪರಿಹಾರ ಸೀಸವನ್ನೇ ಕೈಬಿಡುವುದು. 2009ರಲ್ಲಿ ಲೀಥಿಯಂ-ಅಯಾನ್ ಬ್ಯಾಟರಿಯ ರೇವಾ ಬಂದಾಗ ಓಟ 120 ಕಿ.ಮೀ.ಗೆ ಏರಿತು. ನೀರು ತುಂಬುವ ಗೋಜು ತಪ್ಪಿತು. ಆದರೆ ಬೆಲೆಯೂ ಏರಿತು.

ಮೋಟಾರು: ಕುಂಚದಿಂದ ಮುಕ್ತಿ

ಮೊದಲ ರೇವಾಗಳ ಡಿಸಿ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ವಿದ್ಯುತ್ ತಲುಪಿಸಲು ಇಂಗಾಲದ ಕುಂಚಗಳಿದ್ದವು. ಇವು ಸದಾ ಉಜ್ಜುತ್ತಿರುವ ಭಾಗಗಳು. ಉಜ್ಜಿದಂತೆ ಸವೆಯುತ್ತವೆ, ಪುಡಿ ಉದುರಿಸುತ್ತವೆ, ಬಿಸಿಯಾಗುತ್ತವೆ. ಮೇಲ್ಸೇತುವೆಯ ಏರಿನಲ್ಲಿ ನಾಲ್ವರನ್ನು ಹೊತ್ತು ಸಾಗುವ ಪುಟ್ಟ ಕಾರಿನಲ್ಲಿ ಈ ಹೊರೆ ಮತ್ತಷ್ಟು ಹೆಚ್ಚು.

2007ರಿಂದ ಕಂಪನಿ ಎಸಿ ಮೋಟಾರಿಗೆ ಬದಲಾಯಿತು. ಮೂರು ಹಂತದ ಈ ಇಂಡಕ್ಷನ್ ಮೋಟಾರಿನಲ್ಲಿ ಕುಂಚಗಳೇ ಇಲ್ಲ. ಹೊಲದ ಪಂಪ್‌ಸೆಟ್ಟಿನಲ್ಲಿರುವುದೂ ಇದೇ ಜಾತಿಯ ಮೋಟಾರು ಎಂದರೆ ಅದರ ಗಟ್ಟಿತನ ಅರ್ಥವಾದೀತು. ಎಸಿ ಮೋಟಾರಿನೊಂದಿಗೆ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ತಲುಪಿತು. ಬಿಡಿಭಾಗವನ್ನು ಮತ್ತೆ ಮತ್ತೆ ಬದಲಿಸುತ್ತಾ ಹೋಗುವುದಕ್ಕಿಂತ ಸವೆಯುವ ಭಾಗವೇ ಇಲ್ಲದಂತೆ ವಿನ್ಯಾಸವನ್ನು ಬದಲಿಸುವುದು ಉತ್ತಮ ಎಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಹೊದಿಕೆ, ಬ್ರೇಕು ಮತ್ತು ಅಪಘಾತ ಪರೀಕ್ಷೆ

ರೇವಾದ ಪ್ಲಾಸ್ಟಿಕ್ ಹೊದಿಕೆ ಸಣ್ಣಪುಟ್ಟ ತಾಗುವಿಕೆಗೆ ನಜ್ಜಾಗುತ್ತಿರಲಿಲ್ಲ, ತುಕ್ಕು ಹಿಡಿಯುತ್ತಿರಲಿಲ್ಲ. ನಗರದ ಇಕ್ಕಟ್ಟಿನಲ್ಲಿ ಇದು ನಿಜಕ್ಕೂ ಉಪಯುಕ್ತ ಗುಣ. ಆದರೆ ಹೊದಿಕೆ ತಾಳಿಕೊಳ್ಳುವುದು ಬೇರೆ, ಒಳಗೆ ಕುಳಿತವರು ಉಳಿದುಕೊಳ್ಳುವುದು ಬೇರೆ.

ಯುರೋಪಿನ ನಿಯಮಗಳ ಪ್ರಕಾರ ರೇವಾ ಪೂರ್ಣ ಪ್ರಮಾಣದ ಕಾರು ಆಗಿರಲಿಲ್ಲ. ಬ್ಯಾಟರಿಯನ್ನು ಬಿಟ್ಟು 400 ಕಿಲೋಗ್ರಾಂ ಮೀರದ, 15 ಕಿಲೋವ್ಯಾಟ್ ಶಕ್ತಿ ಮೀರದ ‘ಕ್ವಾಡ್ರಿಸೈಕಲ್’ ವರ್ಗಕ್ಕೆ ಅದು ಸೇರಿತ್ತು. ಈ ವರ್ಗಕ್ಕೆ ಕಾರುಗಳಿಗಿರುವಂತಹ ಡಿಕ್ಕಿ ಪರೀಕ್ಷೆ ಕಡ್ಡಾಯವಾಗಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ‘ಟಾಪ್ ಗೇರ್’ ನಿಯತಕಾಲಿಕವು ಜಿ-ವಿಜ್ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಡಿಕ್ಕಿ ಪರೀಕ್ಷೆಗೆ ಒಳಪಡಿಸಿತು. ಒಳಗಿದ್ದವರಿಗೆ ಗಂಭೀರ ಅಥವಾ ಮಾರಣಾಂತಿಕ ಗಾಯಗಳಾಗುವ ಸಂಭವವಿದೆ ಎಂಬುದು ಪರೀಕ್ಷೆಯ ಫಲಿತಾಂಶವಾಗಿತ್ತು. ಬ್ರಿಟನ್ ಸರ್ಕಾರದ ಸಾರಿಗೆ ಇಲಾಖೆಯೂ ತನ್ನದೇ ಪರೀಕ್ಷೆ ನಡೆಸಿ ಕಳವಳ ವ್ಯಕ್ತಪಡಿಸಿತು.

ನಿಯಮವನ್ನು ಪಾಲಿಸಿದ್ದೇವೆ ಎಂಬ ಉತ್ತರ ಕಾನೂನಿನ ದೃಷ್ಟಿಯಲ್ಲಿ ಸರಿಯಾಗಿದ್ದರೂ ಮಾರುಕಟ್ಟೆಯಲ್ಲಿ ಸಾಲದಾಯಿತು. ಮುಂದಿನ ‘ರೇವಾ-ಐ’ ಮಾದರಿಗಳಲ್ಲಿ ಚೌಕಟ್ಟನ್ನು ಬಲಪಡಿಸಲಾಯಿತು. ಮೊದಲು ನಾಲ್ಕೂ ಚಕ್ರಗಳಿಗಿದ್ದ ಡ್ರಮ್ ಬ್ರೇಕುಗಳ ಬದಲು ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳು ಬಂದವು. ಡಿಕ್ಕಿಯ ಹೊತ್ತಿನಲ್ಲಿ ಚಾಲಕನ ಎದೆಗೆ ಚುಚ್ಚದೆ ಮಡಚಿಕೊಳ್ಳುವ ಸ್ಟೀರಿಂಗ್ ಕಂಬವನ್ನು ಅಳವಡಿಸಲಾಯಿತು. ಆದರೂ ಕಾರಿನ ಹೆಸರಿಗೆ ಅಂಟಿದ ಅಪಖ್ಯಾತಿ ಪೂರ್ತಿಯಾಗಿ ತೊಳೆದುಹೋಗಲಿಲ್ಲ. ಓಟ ಕಡಿಮೆ ಎಂಬ ದೂರನ್ನು ಗ್ರಾಹಕ ಮರೆತಾನು, ಪ್ರಾಣಕ್ಕೆ ಅಪಾಯ ಎಂಬ ಮಾತನ್ನು ಮರೆಯಲಾರ.

ಮಹೀಂದ್ರ ಕಾಲ

2010ರ ಮೇ ತಿಂಗಳಿನಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಸಂಸ್ಥೆಯು ರೇವಾದ ಶೇ. 55.2ರಷ್ಟು ಪಾಲನ್ನು ಖರೀದಿಸಿತು. 2011ರ ವೇಳೆಗೆ ಜಗತ್ತಿನ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 4,000 ರೇವಾ ಕಾರುಗಳು ಮಾರಾಟವಾಗಿದ್ದವು. ಸಂಖ್ಯೆ ಚಿಕ್ಕದು. ಆದರೆ ಅಷ್ಟು ಕಾರುಗಳು ವರ್ಷಾನುಗಟ್ಟಲೆ ಓಡಿ ತಂದುಕೊಟ್ಟ ಅನುಭವ ಆ ಕಾಲದಲ್ಲಿ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಿಗೂ ದುರ್ಲಭವಾಗಿತ್ತು.

ಬೆಂಗಳೂರಿನ ಬೊಮ್ಮಸಂದ್ರದಲ್ಲಿ 2012ರಲ್ಲಿ ಹೊಸ ಕಾರ್ಖಾನೆ ಆರಂಭವಾಯಿತು. ವರ್ಷಕ್ಕೆ 30,000 ಕಾರುಗಳನ್ನು ತಯಾರಿಸುವ ಸಾಮರ್ಥ್ಯ ಅದಕ್ಕಿತ್ತು. 2013ರ ಮಾರ್ಚ್ 18ರಂದು ದೆಹಲಿಯಲ್ಲಿ ‘ಇ2ಒ’ ಕಾರು ಬಿಡುಗಡೆಯಾಯಿತು. ಲೀಥಿಯಂ-ಅಯಾನ್ ಬ್ಯಾಟರಿ, 100 ಕಿ.ಮೀ. ಓಟ, ಗಂಟೆಗೆ 81 ಕಿ.ಮೀ. ಗರಿಷ್ಠ ವೇಗ ಇದರ ಲಕ್ಷಣಗಳು. ದಾರಿಯಲ್ಲಿ ಚಾರ್ಜ್ ಮುಗಿದರೆ ದೂರದಿಂದಲೇ ಒಂದಿಷ್ಟು ಮೀಸಲು ಶಕ್ತಿಯನ್ನು ಬಿಡುಗಡೆ ಮಾಡುವ ‘ರಿವೈವ್’ ಸೌಲಭ್ಯ ಗಮನ ಸೆಳೆಯಿತು. ರೇವಾ ಮಾಲೀಕರನ್ನು ಕಾಡಿದ ‘ನಡುದಾರಿಯಲ್ಲಿ ನಿಂತರೇನು ಗತಿ’ ಎಂಬ ಭಯಕ್ಕೆ ಅದು ನೇರ ಉತ್ತರವಾಗಿತ್ತು.

ಇ2ಒ ಕೂಡ ಕೊರತೆಗಳಿಲ್ಲದೆ ಬರಲಿಲ್ಲ. ಮೊದಲ ಕಾರುಗಳಲ್ಲಿ ಪವರ್ ಸ್ಟೀರಿಂಗ್ ಇರಲಿಲ್ಲ. 2014ರ ಪ್ರೀಮಿಯಂ ಮಾದರಿಯಲ್ಲಿ ಅದು ಬಂತು. ಎರಡೇ ಬಾಗಿಲು ಎಂಬ ಅನನುಕೂಲವನ್ನು 2016ರ ನಾಲ್ಕು ಬಾಗಿಲಿನ ‘ಇ2ಒ ಪ್ಲಸ್’ ನೀಗಿಸಿತು. 2019ರಲ್ಲಿ ಈ ಕಾರಿನ ತಯಾರಿಕೆ ನಿಂತಿತು. ಗ್ರಾಹಕ ಬಯಸಿದ್ದು ಒಂದೊಂದಾಗಿ ಬಂದಿತೇನೋ ನಿಜ, ಆದರೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು.

ಲೀಥಿಯಂ ಯುಗದ ದೋಷಗಳು

ಸೀಸದ ಜತೆಗೆ ಸಮಸ್ಯೆಗಳೂ ಹೋದವೇ? ಇಲ್ಲ. ಅವುಗಳ ಸ್ವರೂಪ ಬದಲಾಯಿತು. ಜಗತ್ತಿನಾದ್ಯಂತ ದಾಖಲಾಗಿರುವ ಕೆಲವು ಪ್ರಕರಣಗಳನ್ನು ನೋಡಿದರೆ ದೋಷಗಳ ಮೂಲಗಳು ಸ್ಪಷ್ಟವಾಗುತ್ತವೆ.

ಬಿಸಿಲು: ನಿಸ್ಸಾನ್ ಸಂಸ್ಥೆಯ ‘ಲೀಫ್’ ಕಾರಿನ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ. ಅಮೆರಿಕದ ಮರುಭೂಮಿ ರಾಜ್ಯವಾದ ಅರಿಜೋನಾದಲ್ಲಿ ಕಾರು ಕೊಂಡ ಒಂದೆರಡು ವರ್ಷಗಳಲ್ಲೇ ಬ್ಯಾಟರಿಯ ಸಾಮರ್ಥ್ಯ ಕುಸಿಯುತ್ತಿದೆ ಎಂಬ ದೂರುಗಳು 2012ರಲ್ಲಿ ಎದ್ದವು. ಕಂಪನಿ ಮೊದಲು ಸಾಮರ್ಥ್ಯ ಕುಸಿತಕ್ಕೂ ವಾರಂಟಿ ನೀಡಿತು. ಬಳಿಕ ಬಿಸಿಲು ತಾಳುವ ರಾಸಾಯನಿಕ ಸಂಯೋಜನೆಯ ಬ್ಯಾಟರಿಯನ್ನು 2015ರ ಮಾದರಿಗಳಲ್ಲಿ ಅಳವಡಿಸಿತು.

ಕೋಶದ ತಯಾರಿಕೆ: ಹ್ಯುಂಡೈ ಸಂಸ್ಥೆಯ ‘ಕೋನಾ’ ವಿದ್ಯುತ್ ಕಾರು ಭಾರತಕ್ಕೆ 2019ರ ಜುಲೈನಲ್ಲಿ ಬಂತು. ಕೊರಿಯಾದಲ್ಲಿ ಕೆಲವು ಕೋನಾಗಳು ಬೆಂಕಿಗೆ ಆಹುತಿಯಾದಾಗ 2020ರ ಅಕ್ಟೋಬರಿನಲ್ಲಿ ಅವುಗಳನ್ನು ವಾಪಸು ಕರೆಸಿ ಬ್ಯಾಟರಿ ನಿರ್ವಹಣಾ ತಂತ್ರಾಂಶವನ್ನು ಬದಲಿಸಲಾಯಿತು. ಆ ಬದಲಾವಣೆ ಮಾಡಿಸಿಕೊಂಡ ಕಾರೊಂದು 2021ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಿತು. ಕೊನೆಗೆ ಜಗತ್ತಿನಾದ್ಯಂತ ಸುಮಾರು 82,000 ವಾಹನಗಳ ಬ್ಯಾಟರಿಯನ್ನೇ ಬದಲಿಸಲು ಕಂಪನಿ ನಿರ್ಧರಿಸಿತು. ಭಾರತದಲ್ಲಿಯೂ 2020ರ ಡಿಸೆಂಬರಿನಲ್ಲಿ 456 ಕೋನಾಗಳನ್ನು ತಪಾಸಣೆಗೆ ಕರೆಸಲಾಗಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯ ‘ಬೋಲ್ಟ್’ ಕಾರಿನ ಕತೆಯೂ ಬೇರೆಯಲ್ಲ. ಕೋಶಗಳೊಳಗಿನ ಹರಿದ ಪಟ್ಟಿ, ಮಡಚಿದ ಪದರಗಳ ಕಾರಣದಿಂದ 2021ರಲ್ಲಿ ಅಲ್ಲಿಯವರೆಗೆ ತಯಾರಾದ ಸುಮಾರು 1.4 ಲಕ್ಷ ಬೋಲ್ಟ್‌ಗಳನ್ನೂ ವಾಪಸು ಕರೆಸಬೇಕಾಯಿತು.

ವಿದ್ಯುನ್ಮಾನ ಭಾಗಗಳು: ದೊಡ್ಡ ಬ್ಯಾಟರಿಯ ಜತೆಗೆ ಬಹುತೇಕ ವಿದ್ಯುತ್ ಕಾರುಗಳಲ್ಲಿ 12 ವೋಲ್ಟ್‌ನ ಚಿಕ್ಕ ಬ್ಯಾಟರಿಯೊಂದಿರುತ್ತದೆ. ಬಾಗಿಲಿನ ಬೀಗ, ಪರದೆ, ನಿಯಂತ್ರಣ ಗಣಕಗಳು ಎಚ್ಚರಗೊಳ್ಳುವುದು ಇದರಿಂದ. ಇದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಮಿಸುಕದು. 2024ರ ಜೂನ್‌ನಲ್ಲಿ ಹ್ಯುಂಡೈ ಭಾರತದಲ್ಲಿ 1,744 ‘ಅಯಾನಿಕ್ 5’ ಕಾರುಗಳನ್ನು, ಮರುತಿಂಗಳು ಕಿಯಾ ಸಂಸ್ಥೆ 1,138 ‘ಇವಿ6’ ಕಾರುಗಳನ್ನು ವಾಪಸು ಕರೆಸಿದ್ದು ಈ ಚಿಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡುವ ನಿಯಂತ್ರಣ ಘಟಕದ ದೋಷಕ್ಕಾಗಿಯೇ.

ತಂತ್ರಾಂಶ: 2018ರಲ್ಲಿ ಅಮೆರಿಕದ ಗ್ರಾಹಕ ನಿಯತಕಾಲಿಕವೊಂದು ಟೆಸ್ಲಾ ‘ಮಾಡೆಲ್ 3’ ಕಾರು ಬ್ರೇಕು ಒತ್ತಿದ ಮೇಲೆ ನಿಲ್ಲಲು ಬಹಳ ದೂರ ಓಡುತ್ತದೆ ಎಂದು ಪತ್ತೆಹಚ್ಚಿತು. ಕಂಪನಿ ಕೆಲವೇ ದಿನಗಳಲ್ಲಿ ಅಂತರಜಾಲದ ಮೂಲಕ ತಂತ್ರಾಂಶ ಬದಲಿಸಿತು. ಮರುಪರೀಕ್ಷೆಯಲ್ಲಿ ಕಾರು 152 ಅಡಿಯ ಬದಲು 133 ಅಡಿಗೆ ನಿಂತಿತು. ಗ್ಯಾರೇಜು ಮುಟ್ಟದೆ ಬ್ರೇಕು ರಿಪೇರಿಯಾದ ಈ ಪ್ರಸಂಗ ಹೊಸ ಯುಗದ ಅನುಕೂಲವನ್ನು ತೋರಿಸುತ್ತದೆ. ಕೋನಾ ಪ್ರಸಂಗ ಅದರ ಮಿತಿಯನ್ನು ತೋರಿಸುತ್ತದೆ. ಲೆಕ್ಕಾಚಾರದ ತಪ್ಪನ್ನು ತಂತ್ರಾಂಶ ತಿದ್ದಬಲ್ಲದು, ಕೋಶದೊಳಗೆ ಮಡಚಿಹೋದ ಪಟ್ಟಿಯನ್ನು ನೇರ ಮಾಡಲಾರದು.

ಭಾರತದಲ್ಲಿ ಬದಲಾದ ನಿಯಮಗಳು

ಟಾಟಾ ‘ನೆಕ್ಸಾನ್’ ವಿದ್ಯುತ್ ಕಾರೊಂದು 2022ರ ಜೂನ್‌ನಲ್ಲಿ ಮುಂಬೈ ಬಳಿ ಹೊತ್ತಿ ಉರಿದಾಗ ಕೇಂದ್ರ ಸರ್ಕಾರ ತನಿಖೆಗೆ ಆದೇಶಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಆ ಹೊಣೆ ಹೊತ್ತ ಸಂಸ್ಥೆಗಳಲ್ಲಿ ಒಂದಾಗಿತ್ತು. ಅದೇ ವರ್ಷ ವಿದ್ಯುತ್ ಸ್ಕೂಟರುಗಳ ಬೆಂಕಿ ಪ್ರಕರಣಗಳೂ ಸರಣಿಯಾಗಿ ವರದಿಯಾಗಿದ್ದವು. ಪರಿಣಾಮವಾಗಿ ಬ್ಯಾಟರಿ ಸುರಕ್ಷತಾ ಮಾನದಂಡಗಳನ್ನು ಬಿಗಿಗೊಳಿಸಲಾಯಿತು. ಕಾರುಗಳಿಗೆ ಎಐಎಸ್-038, ದ್ವಿಚಕ್ರ ವಾಹನಗಳಿಗೆ ಎಐಎಸ್-156 ಎಂಬ ಮಾನದಂಡಗಳ ಹೊಸ ಷರತ್ತುಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. 2023ರ ಅಕ್ಟೋಬರ್ 1ರಿಂದ ‘ಭಾರತ್ ಎನ್‌ಕ್ಯಾಪ್’ ಡಿಕ್ಕಿ ಪರೀಕ್ಷೆ ಆರಂಭವಾಯಿತು. 2024ರಲ್ಲಿ ಟಾಟಾದ ನೆಕ್ಸಾನ್ ಮತ್ತು ‘ಪಂಚ್’ ವಿದ್ಯುತ್ ಕಾರುಗಳು ಇದರಲ್ಲಿ ಐದು ತಾರೆಗಳನ್ನು ಗಳಿಸಿದವು. 2007ರ ಬ್ರಿಟನ್ ಪರೀಕ್ಷೆಯಿಂದ ಇಲ್ಲಿಯವರೆಗೆ ಸಾಗಿದ ದೂರ ಕಡಿಮೆಯೇನಲ್ಲ.

ದೋಷಪೂರಿತ ವಾಹನಗಳನ್ನು ವಾಪಸು ಕರೆಸುವ ಬಗ್ಗೆ ಮೊದಲು ಇದ್ದದ್ದು 2012ರ ಸ್ವಯಂಪ್ರೇರಿತ ಸಂಹಿತೆ ಮಾತ್ರ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಈ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಂತೆ ಏಳು ವರ್ಷಕ್ಕಿಂತ ಹಳೆಯದಲ್ಲದ ವಾಹನಗಳ ದೋಷದ ಬಗ್ಗೆ ಮಾಲೀಕರು ಸರ್ಕಾರಕ್ಕೆ ದೂರು ಸಲ್ಲಿಸಬಹುದು. ವಾರ್ಷಿಕ ಮಾರಾಟಕ್ಕೆ ಹೋಲಿಸಿದಾಗ ದೂರುಗಳು ನಿಗದಿತ ಪ್ರಮಾಣ ಮೀರಿದರೆ ತನಿಖೆ ನಡೆಯುತ್ತದೆ. ಕಡ್ಡಾಯ ವಾಪಸಾತಿಗೆ ಆದೇಶವಾದರೆ 10 ಲಕ್ಷ ರೂಪಾಯಿಯಿಂದ 1 ಕೋಟಿ ರೂಪಾಯಿಯವರೆಗೆ ದಂಡಕ್ಕೂ ಅವಕಾಶವಿದೆ. ದೋಷ ಎಂಬುದರ ವ್ಯಾಖ್ಯೆಯಲ್ಲಿ ತಂತ್ರಾಂಶವೂ ಸೇರಿರುವುದು ಗಮನಾರ್ಹ.

ಆದರೆ ಈ ನಿಯಮ ರಸ್ತೆ ಸುರಕ್ಷತೆಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷಗಳಿಗೆ ಸೀಮಿತ. ಬಾಗಿಲಿನ ಸಂದು ಓರೆಯಾಗಿರುವುದು, ಡ್ಯಾಶ್‌ಬೋರ್ಡ್ ಗಡಗಡ ಎನ್ನುವುದು, ಬಣ್ಣ ಏರುಪೇರಾಗಿರುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಅವುಗಳಿಗೆ ವಾರಂಟಿ ಮತ್ತು ಗ್ರಾಹಕ ರಕ್ಷಣಾ ಕಾಯ್ದೆಯೇ ಆಧಾರ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಕಾರನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ಪಾವಗಡ ತಾಲ್ಲೂಕಿನವರು ತುಮಕೂರು ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಲು ಅಡ್ಡಿಯಿಲ್ಲ. ತೆತ್ತ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಯಲ್ಲಿವೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಕಾರು ಪಡೆಯುವ ದಿನ ಏನು ನೋಡಬೇಕು?

ಹೊಸ ಕಾರಿನ ದೋಷಗಳಲ್ಲಿ ಅನೇಕವು ಮನೆಗೆ ತರುವ ಮುನ್ನವೇ ಕಣ್ಣಿಗೆ ಬೀಳುವಂಥವು. ನೋಂದಣಿಗೆ ಮೊದಲೇ, ಹಗಲು ಬೆಳಕಿನಲ್ಲಿ, ಅವಸರವಿಲ್ಲದೆ ಪರಿಶೀಲಿಸುವುದು ಲೇಸು. ನೋಂದಣಿಯಾದ ಮೇಲೆ ಕಾರನ್ನು ಬದಲಿಸಿಕೊಳ್ಳುವುದು ಕಷ್ಟಸಾಧ್ಯ.

1. ಬಾಗಿಲು, ಬಾನೆಟ್, ಹಿಂಬಾಗಿಲುಗಳ ಸಂದು ಎರಡೂ ಬದಿಗಳಲ್ಲಿ ಸಮನಾಗಿದೆಯೇ ನೋಡಿ. ಬಾಗಿಲ ರಬ್ಬರು ಸರಿಯಾಗಿ ಕೂತಿರದಿದ್ದರೆ ಮೊದಲ ಮಳೆಗೇ ನೀರು ಒಳಬರುತ್ತದೆ.

2. ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ದಾಖಲೆಯೊಂದಿಗೆ ಹೋಲಿಸಿ. ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ದುರ್ಬಲವಾಗಿರುವ ಸಂಭವ ಹೆಚ್ಚು.

3. ತಂತ್ರಾಂಶದ ಆವೃತ್ತಿ ಇತ್ತೀಚಿನದೇ ಎಂದು ಕೇಳಿ. ಬಾಕಿ ಇರುವ ಬದಲಾವಣೆಗಳನ್ನು ಅಲ್ಲಿಯೇ ಮಾಡಿಸಿಕೊಳ್ಳಿ.

4. ಮನೆಯ ಚಾರ್ಜರ್ ಮತ್ತು ಶೀಘ್ರ ಚಾರ್ಜರ್ ಎರಡರಲ್ಲಿಯೂ ಕೆಲವು ನಿಮಿಷ ಚಾರ್ಜ್ ಮಾಡಿಸಿ ನೋಡಿ. ಒಂದರಲ್ಲಿ ಕೆಲಸ ಮಾಡಿ ಇನ್ನೊಂದರಲ್ಲಿ ನಿರಾಕರಿಸುವ ಕಾರುಗಳುಂಟು.

5. ಹೊಂಡ, ಉಬ್ಬುಗಳ ಮೇಲೆ ಓಡಿಸಿ ಸದ್ದು ಆಲಿಸಿ. ಎಂಜಿನ್ ಸದ್ದಿಲ್ಲದ ಕಾರಣ ಪೆಟ್ರೋಲ್ ಕಾರಿನಲ್ಲಿ ಮುಚ್ಚಿಹೋಗುವ ಸಣ್ಣ ಗಡಗಡವೂ ಇಲ್ಲಿ ಕೇಳಿಸುತ್ತದೆ. ಪ್ರತಿ ಸದ್ದೂ ದೋಷವಲ್ಲ, ಆದರೆ ಮೊದಲ ದಿನವೇ ಬರೆದಿಡುವುದು ಒಳಿತು.

6. ಕಾರಿನ ಹೊಟ್ಟೆಯನ್ನು, ಅಂದರೆ ಬ್ಯಾಟರಿ ಪೆಟ್ಟಿಗೆಯ ತಳವನ್ನು ಲಿಫ್ಟ್ ಮೇಲೆ ಏರಿಸಿ ನೋಡಿ. ಸಾಗಣೆಯಲ್ಲಿ ಆದ ಪೆಟ್ಟು ಅಲ್ಲಿ ಅಡಗಿರುತ್ತದೆ.

7. ವಾರಂಟಿ ಪತ್ರದಲ್ಲಿ ಬ್ಯಾಟರಿಯ ಕನಿಷ್ಠ ಸಾಮರ್ಥ್ಯ ಶೇಕಡಾ ಎಷ್ಟು ಎಂದು ಬರೆದಿದೆಯೇ ಓದಿ. ಭಾರತದಲ್ಲಿ ಅನೇಕ ಕಂಪನಿಗಳು ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ನೀಡುತ್ತಿವೆ. ವರ್ಷಗಳ ಸಂಖ್ಯೆಗಿಂತ ಈ ಶೇಕಡಾವಾರು ಷರತ್ತು ಮುಖ್ಯ.

ಸೇವಾ ಕೇಂದ್ರಕ್ಕೆ ಹೋದಾಗಲೆಲ್ಲ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸಿ, ಪ್ರತಿ ಪಡೆಯಬೇಕು. ‘ಮುಂದಿನ ಸರ್ವೀಸಿನಲ್ಲಿ ನೋಡೋಣ’ ಎಂಬ ಬಾಯಿಮಾತಿಗೆ ಗ್ರಾಹಕ ಆಯೋಗದಲ್ಲಿ ಬೆಲೆಯಿಲ್ಲ. ಒಂದೇ ದೋಷ ಮೂರು ಬಾರಿ ದಾಖಲಾದ ಕಾಗದ ನೂರು ಮಾತಿಗೆ ಸಮ.

ಬಯಲುಸೀಮೆಯ ಬಳಕೆದಾರರಿಗೆ

ಪಾವಗಡ ಇಂದು ದೇಶಕ್ಕೆ ಪರಿಚಿತವಾಗಿರುವುದು ಸೂರ್ಯನ ಮೂಲಕ. ತಿರುಮಣಿ ಸುತ್ತಮುತ್ತಲಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ 2018ರಲ್ಲಿ ಉದ್ಘಾಟನೆಯಾಯಿತು. ಆದರೆ ಅಲ್ಲಿನ ವಿದ್ಯುತ್ ನೇರವಾಗಿ ಗ್ರಿಡ್ ಸೇರುತ್ತದೆ. ಪಕ್ಕದ ಹಳ್ಳಿಯ ಕಾರು ಚಾರ್ಜ್ ಆಗುವುದು ಎಂದಿನಂತೆ ಬೀದಿಯ ಪರಿವರ್ತಕದಿಂದಲೇ. ಅದೇ ಬಿಸಿಲು ಬ್ಯಾಟರಿಗೆ ಶತ್ರು ಎಂಬುದನ್ನೂ ಮರೆಯುವಂತಿಲ್ಲ. ಅರಿಜೋನಾದ ಲೀಫ್ ಕಾರುಗಳ ಪ್ರಸಂಗ ಇಲ್ಲಿ ನೆನಪಾಗಬೇಕು. ದ್ರವದ ತಂಪು ವ್ಯವಸ್ಥೆಯುಳ್ಳ ಕಾರನ್ನೇ ಆರಿಸಿಕೊಳ್ಳುವುದು, ನೆರಳಿನಲ್ಲಿ ನಿಲ್ಲಿಸುವುದು, ಬೇಸಿಗೆಯ ನಡುಮಧ್ಯಾಹ್ನ ದೂರ ಓಡಿಸಿದ ಕೂಡಲೇ ಶೀಘ್ರ ಚಾರ್ಜ್ ಮಾಡದೆ ರಾತ್ರಿ ನಿಧಾನವಾಗಿ ಚಾರ್ಜ್ ಮಾಡುವುದು ಇಲ್ಲಿ ವಿಶೇಷವಾಗಿ ಅಗತ್ಯ.

ಬಹಳಷ್ಟು ಬಾರಿ ಕಾರಿನ ದೋಷ ಎಂದು ಭಾವಿಸಿದ್ದು ಮನೆಯ ಅರ್ಥಿಂಗ್ ದೋಷವಾಗಿರುತ್ತದೆ. ಒಣ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹೀರುವುದಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರಿನ ಚಾರ್ಜರ್ ಸುರಕ್ಷತೆಯ ದೃಷ್ಟಿಯಿಂದ ಕೆಲಸ ಮಾಡಲು ನಿರಾಕರಿಸುತ್ತದೆ. ಚಾರ್ಜಿಂಗಿಗೆಂದೇ ಪ್ರತ್ಯೇಕ ತಂತಿ, ಪ್ರತ್ಯೇಕ ಅರ್ಥಿಂಗ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಗುಂಡಿಗೆ ನೀರುಣಿಸುತ್ತಿದ್ದರೆ ಸೇವಾ ಕೇಂದ್ರಕ್ಕೆ ಹೋಗುವ ನೂರು ಕಿಲೋಮೀಟರು ಉಳಿದೀತು. ಹಳೆಯ ಸೀಸ-ಆಮ್ಲ ಬ್ಯಾಟರಿಯ ವಾಹನ ಇಟ್ಟುಕೊಂಡಿರುವವರು ಫ್ಲೋರೈಡ್ ಮತ್ತು ಲವಣಗಳಿಂದ ಕೂಡಿದ ಇಲ್ಲಿನ ಕೊಳವೆಬಾವಿಯ ನೀರನ್ನು ಯಾವ ಕಾರಣಕ್ಕೂ ಬ್ಯಾಟರಿಗೆ ಹಾಕಬಾರದು.

ಕಾರು ಕಾಯ್ದಿರಿಸುವ ಮುನ್ನ ಮಾರಾಟಗಾರರಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ಉಚಿತ ಎಳೆತದ ಸೌಲಭ್ಯ ಎಷ್ಟು ಕಿಲೋಮೀಟರಿನವರೆಗೆ? ಉತ್ತರ 50 ಕಿ.ಮೀ. ಎಂದಾದರೆ ವೈ.ಎನ್.ಹೊಸಕೋಟೆಯವರಿಗೆ ಅದು ಅರ್ಧ ದಾರಿಯ ಭರವಸೆಯಷ್ಟೇ. ಅಧಿಕೃತ ಬ್ಯಾಟರಿ ತಂತ್ರಜ್ಞ ತುಮಕೂರಿನಲ್ಲಿಯೇ ಇದ್ದಾನೆಯೇ, ಬೆಂಗಳೂರಿನಿಂದ ಬರಬೇಕೇ ಎಂಬುದನ್ನೂ ಲಿಖಿತವಾಗಿ ಪಡೆಯುವುದು ಉತ್ತಮ.

ರೇವಾದ ತಯಾರಕರು ಬ್ಯಾಟರಿ, ಮೋಟಾರು, ಬ್ರೇಕು, ಚೌಕಟ್ಟು ಎಲ್ಲವನ್ನೂ ಒಂದೊಂದಾಗಿ ತಿದ್ದಿದರು. ಆ ತಿದ್ದುಪಡಿಗಳ ಖರ್ಚಿನಲ್ಲಿ ಒಂದು ಪಾಲನ್ನು ಮೊದಲ ಗ್ರಾಹಕರು ತಮ್ಮ ಜೇಬಿನಿಂದ ತೆತ್ತರು. ಇಂದಿನ ಗ್ರಾಹಕನಿಗೆ ಕಾನೂನಿನ ಬೆಂಬಲವಿದೆ, ಡಿಕ್ಕಿ ಪರೀಕ್ಷೆಯ ಫಲಿತಾಂಶ ಕೈಯಲ್ಲಿದೆ, ಎಂಟು ವರ್ಷದ ವಾರಂಟಿಯಿದೆ. ಮೊದಲ ದಿನದ ಪರಿಶೀಲನೆ ಮತ್ತು ಪ್ರತಿ ದೂರಿನ ಲಿಖಿತ ದಾಖಲೆ, ಇವೆರಡನ್ನು ಮಾತ್ರ ಆತನೇ ಮಾಡಿಕೊಳ್ಳಬೇಕು.